ಚರ್ಮಗಂಟು ರೋಗ: ನಾಟಿ ದನಕ್ಕೆ ಜ್ವರ ಬಂದ ದಿನದಿಂದ ಹಕ್ಕಳೆ ಉದುರುವ ತನಕ ಏನನ್ನು, ಯಾವ ಕ್ರಮದಲ್ಲಿ ಮಾಡಬೇಕು

ಮಳೆಗಾಲ ಶುರುವಾಯಿತೆಂದರೆ ದನ ಸಾಕುವವರಿಂದ ಬರುವ ಮಾತು ಹೆಚ್ಚುಕಡಿಮೆ ಒಂದೇ. "ಇಂಜೆಕ್ಷನ್ ಎಲ್ಲಾ ಹಾಕಿಸಿದ್ವಿ, ಆದರೂ ಪಕ್ಕದ ಎತ್ತಿಗೂ ಬಂತು, ಆಮೇಲೆ ಕರುವಿಗೂ ಬಂತು." ಏನೇನು ಮಾಡಿದಿರಿ ಅಂತ ಒಂದೊಂದಾಗಿ ಕೇಳುತ್ತಾ ಹೋದರೆ ಗೊತ್ತಾಗುತ್ತದೆ: ಕೆಲಸಗಳೇನೋ ಸರಿಯಾದವೇ, ಆದರೆ ಹಿಂದುಮುಂದಾಗಿವೆ. ಗಂಟು ಕಂಡ ಮೇಲೆ ಡಾಕ್ಟರಿಗೆ ಫೋನು ಮಾಡಿದ್ದಾರೆ, ಡಾಕ್ಟರು ಬಂದು ಹೋದ ಮೇಲೆ ದನವನ್ನು ಬೇರೆ ಕಟ್ಟಿದ್ದಾರೆ, ನೊಣದ ಕಡೆ ಗಮನ ಹೋಗುವಷ್ಟರಲ್ಲಿ ವಾರ ಕಳೆದಿದೆ.

ಚರ್ಮಗಂಟು ರೋಗದ ವೈರಸ್ ಕುರಿ ಸಿಡುಬು, ಮೇಕೆ ಸಿಡುಬಿನ ವೈರಸ್‌ಗಳ ಬಳಗದ್ದು. ಅದನ್ನು ನೇರವಾಗಿ ಕೊಲ್ಲುವ ಔಷಧಿ ಇಲ್ಲ. ಡಾಕ್ಟರು ಕೊಡುವುದು ಜ್ವರ, ನೋವು ಇಳಿಸುವುದಕ್ಕೆ ಮತ್ತು ಗಾಯಕ್ಕೆ ಕೀವು ತುಂಬದಿರುವುದಕ್ಕೆ. ಉಳಿದದ್ದೆಲ್ಲಾ ಮನೆಯವರ ಆರೈಕೆ. ಹಾಗಾಗಿ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ಇಲ್ಲಿ ತುಂಬಾ ಮುಖ್ಯ.

ಇನ್ನೊಂದು ಮಾತು. "ನಮ್ಮದು ಹಳ್ಳಿಕಾರ್, ನಾಟಿ ದನ, ಅದಕ್ಕೆ ಏನೂ ಆಗಲ್ಲ" ಅನ್ನುವ ನಂಬಿಕೆಯನ್ನು ಇವತ್ತೇ ಬಿಟ್ಟುಬಿಡಿ. ಹೊರದೇಶದ ಮತ್ತು ಮಿಶ್ರತಳಿಯ ಹಸುಗಳಿಗೆ ರೋಗ ಜೋರಾಗಿ ಬರುತ್ತದೆ ಅನ್ನುವುದು ನಿಜ. ಆದರೆ 2022ರಲ್ಲಿ ಗುಜರಾತ್, ರಾಜಸ್ಥಾನಗಳಲ್ಲಿ ನಾಟಿ ತಳಿಯ ದನಗಳೇ ಸಾವಿರಾರು ಸತ್ತವು. ಅಮೃತಮಹಲ್, ಖಿಲಾರಿ, ದೇವಣಿ, ಮಲೆನಾಡು ಗಿಡ್ಡ, ಯಾವುದೂ ಈ ರೋಗದಿಂದ ಹೊರಗಿಲ್ಲ.

## ಮೊದಲೇ ತಂದಿಟ್ಟುಕೊಳ್ಳಬೇಕಾದ ಸಾಮಾನು

ರೋಗ ಬಂದ ಮೇಲೆ ಪೇಟೆಗೆ ಓಡಿದರೆ ಅರ್ಧ ದಿನ ಹೋಗುತ್ತದೆ. ಕೊಟ್ಟಿಗೆಯ ಒಂದು ಡಬ್ಬದಲ್ಲಿ ಇವಿಷ್ಟು ಇರಲಿ: ಡಿಜಿಟಲ್ ಥರ್ಮಾಮೀಟರ್ (ದನಕ್ಕೆ ಅಂತಲೇ ಬೇರೆ ಇಡಿ), ಪೊವಿಡೋನ್ ಅಯೋಡಿನ್ ದ್ರಾವಣ, ನೊಣ ಕೂರದ ಹಾಗೆ ಮಾಡುವ ಗಾಯದ ಸ್ಪ್ರೇ ಅಥವಾ ಮುಲಾಮು, ಹತ್ತಿ, ಕೈಗವಸು, ಬ್ಲೀಚಿಂಗ್ ದ್ರಾವಣ, ಸುಣ್ಣ. ಕಾಯಿಲೆ ದನಕ್ಕೆ ಅಂತ ಬೇರೆ ಬಕೆಟ್, ಬೇರೆ ಹಗ್ಗ, ಬೇರೆ ಪೊರಕೆ. ದೊಡ್ಡ ಸೊಳ್ಳೆಪರದೆ ಅಥವಾ ಶೇಡ್‌ನೆಟ್ ಸಿಕ್ಕರೆ ಇನ್ನೂ ಒಳ್ಳೆಯದು.

ಇದರಲ್ಲಿ ಥರ್ಮಾಮೀಟರ್ ಒಂದನ್ನು ಮಾತ್ರ ತಪ್ಪಿಸಬೇಡಿ. ಕಿವಿ ಮುಟ್ಟಿ, ಮೂತಿ ಮುಟ್ಟಿ ಜ್ವರ ಹೇಳುವವರು ಇದ್ದಾರೆ, ಆದರೆ 103ಕ್ಕೂ 105ಕ್ಕೂ ಇರುವ ವ್ಯತ್ಯಾಸ ಕೈಗೆ ಸಿಗುವುದಿಲ್ಲ.

## ಹಂತ 1: ಗಂಟಿಗಾಗಿ ಕಾಯಬೇಡಿ, ಜ್ವರವನ್ನು ಹಿಡಿಯಿರಿ

ವೈರಸ್ ಮೈಯೊಳಗೆ ಹೋದ ಮೇಲೆ ಸಾಮಾನ್ಯವಾಗಿ 4ರಿಂದ 14 ದಿನದಲ್ಲಿ ಲಕ್ಷಣ ಶುರುವಾಗುತ್ತದೆ. ಮೊದಲು ಬರುವುದು ಜ್ವರ, ಗಂಟು ಏಳುವುದು ಆಮೇಲೆ. ದನದ ಮಾಮೂಲಿ ಶಾಖ ಸುಮಾರು 101.5 ಡಿಗ್ರಿ ಫ್ಯಾರನ್‌ಹೀಟ್. ಈ ರೋಗದಲ್ಲಿ ಅದು 104 ದಾಟುತ್ತದೆ, ಕೆಲವಕ್ಕೆ 106ರ ತನಕವೂ ಹೋಗುತ್ತದೆ.

ಅಳೆಯುವ ರೀತಿ ಹೀಗೆ. ಥರ್ಮಾಮೀಟರ್ ತುದಿಗೆ ಸ್ವಲ್ಪ ಎಣ್ಣೆ ಸವರಿ, ಬಾಲ ಎತ್ತಿ, ಗುದದೊಳಗೆ ಇಟ್ಟು, ತುದಿ ಒಳಗೋಡೆಗೆ ತಾಗುವ ಹಾಗೆ ಸ್ವಲ್ಪ ವಾರೆ ಹಿಡಿಯಿರಿ. ಸಗಣಿಯ ನಡುವೆ ಚುಚ್ಚಿದರೆ ತಪ್ಪು ಅಂಕಿ ಬರುತ್ತದೆ. ದನದ ಹಿಂದೆ ನೇರವಾಗಿ ನಿಲ್ಲದೆ ಪಕ್ಕಕ್ಕೆ ನಿಲ್ಲಿ. ಹಳ್ಳಿಕಾರ್, ಅಮೃತಮಹಲ್ ರಾಸುಗಳು ಗುರುತಿಲ್ಲದವರನ್ನು ಹತ್ತಿರ ಬಿಡುವುದಿಲ್ಲ, ಆದ್ದರಿಂದ ದಿನಾ ಮೇವು ಹಾಕುವವರೇ ಈ ಕೆಲಸ ಮಾಡಲಿ.

ಜ್ವರದ ಜೊತೆ ಇವನ್ನೂ ನೋಡಿ: ಕಣ್ಣು, ಮೂಗಿನಲ್ಲಿ ನೀರು, ಜೊಲ್ಲು, ಮೆಲುಕು ನಿಂತಿರುವುದು, ಹಾಲು ಒಮ್ಮೆಲೇ ಇಳಿದಿರುವುದು. ಹೆಗಲಿನ ಮುಂದೆ ಮತ್ತು ತೊಡೆಯ ಮುಂದಿನ ಮಡಿಕೆಯಲ್ಲಿ ಕೈಯಾಡಿಸಿ. ಅಲ್ಲಿನ ಗ್ರಂಥಿಗಳು ಊದಿ ಗಟ್ಟಿಯಾಗಿ ಕೈಗೆ ಸಿಕ್ಕರೆ ಅನುಮಾನ ಬಲವಾಯಿತು ಅಂತ ಅರ್ಥ. ಗಂಟುಗಳು ಸಾಮಾನ್ಯವಾಗಿ 2ರಿಂದ 5 ಸೆಂಟಿಮೀಟರ್ ಅಗಲ ಇರುತ್ತವೆ, ಗುಂಡಗೆ, ಗಟ್ಟಿಯಾಗಿ. ತಲೆ, ಕುತ್ತಿಗೆ, ಕಾಲು, ಕೆಚ್ಚಲು, ಬಾಲದ ಬುಡದಲ್ಲಿ ಜಾಸ್ತಿ. ಕಪ್ಪು, ಬೂದು ಮೈಯ ದನಗಳಲ್ಲಿ ಶುರುವಿನ ಗಂಟು ಕಣ್ಣಿಗೆ ಬೀಳುವುದಿಲ್ಲ. ಬೆಳಗಿನ ಬಿಸಿಲಿಗೆ ನಿಲ್ಲಿಸಿ, ಕೂದಲಿಗೆ ಎದುರಾಗಿ ಅಂಗೈ ಸವರಿದರೆ ಗೊತ್ತಾಗುತ್ತದೆ.

ಬಯಲಲ್ಲಿ ಮೇಯುವ ಮಲೆನಾಡು ಗಿಡ್ಡಗಳದ್ದು ಬೇರೆಯೇ ಕಷ್ಟ. ಬೆಳಗ್ಗೆ ಬಿಟ್ಟರೆ ಸಂಜೆಯೇ ಕೊಟ್ಟಿಗೆಗೆ ಬರುವುದು. ಸಂಜೆ ದನ ಬರುವಾಗ ಬಾಗಿಲಲ್ಲಿ ನಿಂತು ನೋಡಿ: ಯಾವುದು ಹಿಂದೆ ಬಿತ್ತು, ಯಾವುದು ಕಿವಿ ಜೋತುಬಿಟ್ಟಿದೆ, ಯಾವುದರ ಹೊಟ್ಟೆ ತುಂಬಿಲ್ಲ. ಅದನ್ನಷ್ಟೇ ಹಿಡಿದು ಜ್ವರ ನೋಡಿದರೆ ಸಾಕು.

ತಪ್ಪು ತಿಳಿಯಬೇಡಿ. ಮೈ ತುಂಬಾ ದದ್ದು ಗಂಟೆಗಳ ಒಳಗೆ ಎದ್ದು, ಬೇಗನೆ ಇಳಿದುಹೋದರೆ ಅದು ಬಹುತೇಕ ಅಲರ್ಜಿ. ಬಾಯಿ ಮತ್ತು ಗೊರಸಿನ ಸಂದಿಯಲ್ಲಿ ಹುಣ್ಣಾಗಿದ್ದರೆ ಕಾಲುಬಾಯಿ ಜ್ವರ ಇರಬಹುದು. ಗಂಟಲು ಊದಿ ಉಸಿರಿಗೆ ಒದ್ದಾಡುತ್ತಿದ್ದರೆ ಗಳಲೆ ರೋಗದ ಅನುಮಾನ. ತೊಡೆ, ಹೆಗಲು ಊದಿ, ಒತ್ತಿದರೆ ಚರಚರ ಅಂದರೆ ಚಪ್ಪೆ ರೋಗ. ಈ ಕೊನೆಯ ಎರಡು ಒಂದೆರಡು ದಿನದಲ್ಲೇ ದನವನ್ನು ಕೊಲ್ಲುತ್ತವೆ. ಇದೂ ಗಂಟು ರೋಗ ಇರಬೇಕು ಅಂತ ಮನೆಯಲ್ಲೇ ಕಾಯುತ್ತಾ ಕೂರಬೇಡಿ.

## ಹಂತ 2: ಅವತ್ತೇ, ಆ ಗಂಟೆಯೇ ಬೇರೆ ಕಟ್ಟಿ

ಜ್ವರ 103 ದಾಟಿದೆ, ಊರಲ್ಲೋ ಪಕ್ಕದ ಊರಲ್ಲೋ ಗಂಟು ರೋಗ ಇದೆ. ಇಷ್ಟು ಗೊತ್ತಾದರೆ ಸಾಕು, ಡಾಕ್ಟರು ಬರಲಿ ಅಂತ ಕಾಯದೆ ದನವನ್ನು ಬೇರೆ ಮಾಡಿ. ಆಮೇಲೆ ಅದು ಬರೀ ಮೂರು ದಿನದ ಜ್ವರ ಅಂತಾದರೆ ನಿಮಗೇನೂ ನಷ್ಟ ಇಲ್ಲ.

ಬೇರೆ ಕಟ್ಟುವುದು ಅಂದರೆ ಅದೇ ಕೊಟ್ಟಿಗೆಯ ಇನ್ನೊಂದು ಮೂಲೆಗೆ ಕಟ್ಟುವುದಲ್ಲ. ಗೋದಲಿ ಬೇರೆ, ನೀರಿನ ತೊಟ್ಟಿ ಬೇರೆ, ಗಂಜಲ ಹರಿಯುವ ಮೋರಿ ಬೇರೆ ಇರಬೇಕು. ನೆರಳು, ಗಾಳಿ ಇರುವ, ಕೆಸರಿಲ್ಲದ ಜಾಗ ನೋಡಿ. ಜಾಗವೇ ಇಲ್ಲದವರು ಮರದ ಕೆಳಗೆ ತಾಡಪಾಲು ಕಟ್ಟಿ, ಸುತ್ತ ಪರದೆ ಬಿಡಿ.

ಆರೈಕೆಗೆ ಒಬ್ಬರನ್ನೇ ನಿಲ್ಲಿಸಿ. ಮನೆಯಲ್ಲಿ ಇರುವುದೇ ಒಬ್ಬರು ಅಂದರೆ ಮೊದಲು ಆರೋಗ್ಯವಾಗಿರುವ ದನಗಳ ಮೇವು, ಹಾಲು ಎಲ್ಲಾ ಮುಗಿಸಿ, ಕೊನೆಗೆ ಕಾಯಿಲೆ ದನದ ಹತ್ತಿರ ಹೋಗಿ. ಬಂದ ಮೇಲೆ ಕೈಕಾಲು ತೊಳೆದು ಬಟ್ಟೆ ಬದಲಿಸಿ. ತುಂಬಾ ಮನೆಗಳಲ್ಲಿ ಇದು ಉಲ್ಟಾ ನಡೆಯುತ್ತದೆ. ಕಾಯಿಲೆ ದನದ ಮೇಲಿನ ಪ್ರೀತಿಗೆ ಬೆಳಗ್ಗೆ ಎದ್ದವರೇ ಮೊದಲು ಅಲ್ಲಿಗೇ ಹೋಗುತ್ತಾರೆ, ಅದೇ ಕೈಯಲ್ಲಿ ಬಂದು ಉಳಿದ ಹಸುಗಳ ಹಾಲು ಕರೆಯುತ್ತಾರೆ.

ಮೂಗುದಾರ ಇರುವ ಎತ್ತಾದರೆ ಅದನ್ನು ತೆಗೆಯುವ ಬಗ್ಗೆ ಇವತ್ತೇ ಯೋಚಿಸಿ. ಮೂಗಿನ ಹೊಳ್ಳೆಯೊಳಗೂ ಹುಣ್ಣಾಗುತ್ತದೆ, ಅದರ ಮೇಲೆ ಹಗ್ಗ ಉಜ್ಜಿದರೆ ಗಾಯ ಆಳವಾಗಿ ಉಸಿರಾಡುವುದೇ ಕಷ್ಟವಾಗುತ್ತದೆ. ಮುಖಕ್ಕೆ ಸುತ್ತಿ ಕಟ್ಟುವ ಮೆತ್ತನೆಯ ಹಗ್ಗಕ್ಕೆ ಬದಲಿಸಿ. ಹಗ್ಗವಿಲ್ಲದೆ ಹಿಡಿತಕ್ಕೆ ಬಾರದ ಹೋರಿಯಾದರೆ ಮೂಗುದಾರವನ್ನು ಸಡಿಲ ಮಾಡಿ, ದಿನಾ ಅಯೋಡಿನ್ ಹಚ್ಚಿ.

## ಹಂತ 3: 1962ಕ್ಕೆ ಫೋನ್, ಮತ್ತು ಕೇಳಬೇಕಾದ ಪ್ರಶ್ನೆಗಳು

ಪಶು ಸಹಾಯವಾಣಿ 1962. ಇದಕ್ಕೋ, ನಿಮ್ಮ ಹತ್ತಿರದ ಪಶು ಆಸ್ಪತ್ರೆಗೋ ಫೋನ್ ಮಾಡುವಾಗ ನಾಲ್ಕು ವಿಷಯ ಕೈಯಲ್ಲಿರಲಿ: ಜ್ವರ ಎಷ್ಟು, ಯಾವತ್ತಿಂದ, ಗಬ್ಬ ಇದೆಯಾ, ಲಸಿಕೆ ಯಾವಾಗ ಹಾಕಿಸಿದ್ದು. ಕಿವಿ ಓಲೆಯ 12 ಅಂಕಿಯ ನಂಬರನ್ನು ಬರೆದಿಟ್ಟುಕೊಳ್ಳಿ, ದನದ ಮೈಯ ಫೋಟೋ ತೆಗೆದಿಡಿ. ಊರಿನಲ್ಲಿ ಮೊದಲನೇ ಕೇಸ್ ನಿಮ್ಮದಾದರೆ ಹಕ್ಕಳೆ ಮತ್ತು ರಕ್ತದ ಸ್ಯಾಂಪಲ್ ತೆಗೆದು ಲ್ಯಾಬ್‌ಗೆ ಕಳಿಸಲು ಕೇಳಿ.

ಚಿಕಿತ್ಸೆಯ ವಿಷಯದಲ್ಲಿ ಮೂರು ಎಚ್ಚರಿಕೆ.

ಒಂದು, ಸ್ಟೀರಾಯ್ಡ್. ಊತ ಬೇಗ ಇಳಿಯುತ್ತದೆ ಅಂತ ಹಳ್ಳಿಯಲ್ಲಿ ಸೂಜಿ ಹಾಕುವವರು ಡೆಕ್ಸಾಮೆಥಸೋನ್ ಚುಚ್ಚುವುದುಂಟು. ಎರಡು ದಿನ ದನ ಚೆನ್ನಾಗಿ ಕಾಣುತ್ತದೆ, ಆಮೇಲೆ ಮೈಯ ಶಕ್ತಿ ಕುಂದಿ ರೋಗ ಇನ್ನೂ ಜೋರಾಗುತ್ತದೆ. ತುಂಬು ಗಬ್ಬದ ಹಸುವಾದರೆ ಕಂದು ಹಾಕುವ ಅಪಾಯವೂ ಇದೆ. ಬಾಟಲಿ ತೋರಿಸಿ ಅಂತ ಕೇಳುವುದು ನಿಮ್ಮ ಹಕ್ಕು.

ಎರಡು, ಡೈಕ್ಲೋಫೆನಾಕ್ ಅನ್ನುವ ನೋವಿನ ಔಷಧಿ. ದನಕ್ಕೆ ಇದನ್ನು ಕೊಡುವುದು 2006ರಿಂದ ನಿಷೇಧ. ಇದನ್ನು ಹಾಕಿಸಿಕೊಂಡ ದನ ಸತ್ತು, ಅದರ ಮಾಂಸ ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದಿರುವ ನಾಲ್ಕಾರು ರಣಹದ್ದುಗಳು ಹಳ್ಳಿಕಾರ್ ಸಾಕುವ ಊರುಗಳ ನಡುವೆಯೇ ಇವೆ, ಅಲ್ವಾ? ಮೆಲಾಕ್ಸಿಕಾಂ ಇದೆ, ಅದು ಹದ್ದುಗಳಿಗೆ ಅಪಾಯವಿಲ್ಲದ್ದು. ಅದನ್ನೇ ಕೇಳಿ.

ಮೂರು, ಸೂಜಿ. ಒಂದು ದನಕ್ಕೆ ಚುಚ್ಚಿದ ಸೂಜಿಯನ್ನು ಇನ್ನೊಂದಕ್ಕೆ ಚುಚ್ಚಲು ಬಿಡಲೇಬೇಡಿ. ಬಿಸಿನೀರಲ್ಲಿ ಅದ್ದಿ ತೆಗೆದರೆ ಸಾಲದು, ಸೂಜಿಯನ್ನೇ ಬದಲಿಸಬೇಕು.

ಬರೆ ಹಾಕಿಸುವ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹಾಕಿಸಬೇಡಿ. ಮೈ ತುಂಬಾ ಗಾಯ ಇರುವ ಜೀವಕ್ಕೆ ಇನ್ನೂ ನಾಲ್ಕು ಸುಟ್ಟ ಗಾಯ ಕೊಟ್ಟರೆ ನೊಣ ಕೂರಲು, ಕೀವು ಕಟ್ಟಲು ಇನ್ನಷ್ಟು ಜಾಗ ಮಾಡಿಕೊಟ್ಟ ಹಾಗೆ.

## ಹಂತ 4: ನೊಣ, ಸೊಳ್ಳೆ, ಉಣ್ಣೆ

ಜನ ಹೆಚ್ಚು ಸೋಲುವುದು ಈ ಹಂತದಲ್ಲಿ. ರೋಗ ಒಂದು ದನದಿಂದ ಇನ್ನೊಂದಕ್ಕೆ ಮುಖ್ಯವಾಗಿ ಹೋಗುವುದು ರಕ್ತ ಹೀರುವ ಹುಳುಗಳ ಮೂಲಕ: ಕಚ್ಚುವ ನೊಣ, ಸೊಳ್ಳೆ, ಉಣ್ಣೆ. ಜೊಲ್ಲು, ಮೂಗಿನ ನೀರು ಬಿದ್ದ ಮೇವು ನೀರಿನಿಂದಲೂ ಹರಡುತ್ತದೆ, ಆದರೆ ಹುಳುಗಳ ಪಾಲೇ ಜಾಸ್ತಿ. ದನವನ್ನು ದೂರ ಕಟ್ಟಿ ನೊಣವನ್ನು ಹಾಗೇ ಬಿಟ್ಟರೆ ನೊಣ ಹಾರಿ ಬರುತ್ತದೆ.

ಮೊದಲು ತಿಪ್ಪೆ. ಕಚ್ಚುವ ನೊಣ ಮೊಟ್ಟೆ ಇಡುವುದು ಒದ್ದೆ ಸಗಣಿ, ಕೊಳೆತ ಹುಲ್ಲು, ಗೋದಲಿಯ ಕೆಳಗೆ ಉಳಿದ ಕಸದಲ್ಲಿ. ಮೊಟ್ಟೆ ನೊಣವಾಗಲು ಬೆಚ್ಚಗಿನ ಹವೆಯಲ್ಲಿ ಎರಡು ಮೂರು ವಾರ ಬೇಕು. ಹಾಗಾಗಿ ವಾರಕ್ಕೊಮ್ಮೆ ಕೊಟ್ಟಿಗೆಯ ಮೂಲೆಮೂಲೆ ಬಾಚಿ ತೆಗೆದರೆ ಅವುಗಳ ಸಂತಾನವೇ ನಿಲ್ಲುತ್ತದೆ. ತಿಪ್ಪೆಯನ್ನು ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಮುಚ್ಚಿ, ಒಳಗಿನ ಶಾಖಕ್ಕೆ ಮರಿಗಳು ಸಾಯುತ್ತವೆ. ಗಂಜಲ ನಿಲ್ಲುವ ಗುಂಡಿ, ಹಳೇ ಟೈರು, ಮುಚ್ಚದ ತೊಟ್ಟಿ ಇವುಗಳಲ್ಲಿ ಸೊಳ್ಳೆ. ಖಾಲಿ ಮಾಡಿ ಒಣಗಿಸಿ.

ಎರಡನೆಯದು ದನದ ಮೈ. ಉಣ್ಣೆ ಔಷಧಿಯನ್ನು ಬಾಟಲಿ ಮೇಲೆ ಬರೆದ ಅಳತೆಯಲ್ಲೇ ನೀರಿಗೆ ಬೆರೆಸಿ. ಜಾಸ್ತಿ ಹಾಕಿದರೆ ಬೇಗ ಸಾಯುತ್ತವೆ ಅನ್ನುವುದು ತಪ್ಪು, ಅದು ದನಕ್ಕೇ ವಿಷ. ಒಡೆದ ಗಾಯದ ಮೇಲೆ ಸಿಂಪಡಿಸಬೇಡಿ, ನೆಕ್ಕಲು ಬಿಡಬೇಡಿ. ಆರೋಗ್ಯವಾಗಿರುವ ದನಗಳಿಗೂ ಅವತ್ತೇ ಹೊಡೆಯಿರಿ. ಕಿವಿಯೊಳಗೆ, ಬಾಲದ ಬುಡ, ಗಂಗೆದೊಗಲಿನ ಮಡಿಕೆ ನೋಡದೆ ಬಿಟ್ಟರೆ ಉಣ್ಣೆ ಅಲ್ಲೇ ಉಳಿದಿರುತ್ತದೆ.

ಮೂರನೆಯದು ಪರದೆ ಮತ್ತು ಹೊಗೆ. ಬೇವಿನ ಸೊಪ್ಪಿನ ಹೊಗೆ ಒಳ್ಳೆಯದೇ. ಆದರೆ ಈ ರೋಗದಲ್ಲಿ ಗಂಟಲು, ಶ್ವಾಸನಾಳದ ಒಳಗೂ ಹುಣ್ಣಾಗಿರಬಹುದು. ಮುಚ್ಚಿದ ಕೊಟ್ಟಿಗೆಯಲ್ಲಿ ದಟ್ಟ ಹೊಗೆ ತುಂಬಿಸಿದರೆ ದನ ಕೆಮ್ಮಿ ಕೆಮ್ಮಿ ಸುಸ್ತಾಗುತ್ತದೆ. ಮುಸ್ಸಂಜೆ ಸ್ವಲ್ಪ ಹೊತ್ತು, ಗಾಳಿ ಆಡುವ ಕಡೆ ಹಾಕಿ.

## ಹಂತ 5: ನೀರು, ಮೇವು. ದನ ಉಳಿಯುವುದೋ ಬಿಡುವುದೋ ಇಲ್ಲೇ ಗೊತ್ತಾಗುವುದು

ಈ ರೋಗದಲ್ಲಿ ತುಂಬಾ ದನ ಸೊರಗುವುದು ತಿನ್ನಲಾಗದೆ. ಬಾಯಿ, ಗಂಟಲಲ್ಲಿ ಹುಣ್ಣು, ಮೇಲೆ ಜ್ವರ. ಒಣ ರಾಗಿ ಹುಲ್ಲು ಮುಂದೆ ಹಾಕಿ "ಮುಟ್ಟುತ್ತಾನೇ ಇಲ್ಲ" ಅಂದರೆ ಅದು ಹೇಗೆ ಮುಟ್ಟೀತು?

ಎಳೆಯ ಹಸಿ ಹುಲ್ಲು, ಸೀಮೆಹುಲ್ಲನ್ನು ಸಣ್ಣಗೆ ಕತ್ತರಿಸಿ, ಸ್ವಲ್ಪ ಸ್ವಲ್ಪವೇ, ದಿನಕ್ಕೆ ಐದಾರು ಸಲ ಇಡಿ. ಬೂಸಾವನ್ನು ಬಿಸಿನೀರಲ್ಲಿ ನೆನೆಸಿ ಮೆತ್ತಗೆ ಮಾಡಿ, ಚಿಟಿಕೆ ಉಪ್ಪು, ಸ್ವಲ್ಪ ಬೆಲ್ಲ ಬೆರೆಸಿ. ತೆಳ್ಳಗಿನ ರಾಗಿ ಅಂಬಲಿಯನ್ನು ಬಹಳ ದನಗಳು ಇಷ್ಟಪಟ್ಟು ಕುಡಿಯುತ್ತವೆ. ತಲೆ ಬಗ್ಗಿಸಲು ಆಗದಿದ್ದರೆ ಬಕೆಟ್ಟನ್ನು ಕಲ್ಲಿನ ಮೇಲಿಟ್ಟು ಎತ್ತರ ಮಾಡಿ. ಗಂಗೆದೊಗಲು ಊದಿದ ದನಕ್ಕೆ ನೆಲದಿಂದ ಕುಡಿಯುವುದು ನಿಜಕ್ಕೂ ಕಷ್ಟ.

ನೀರನ್ನು ಎರಡು ಗಂಟೆಗೊಮ್ಮೆ ಮುಂದಿಡಿ. ಬಕೆಟ್ ನೀರಿಗೆ ಒಂದು ಹಿಡಿ ಬೆಲ್ಲ, ಒಂದು ಚಮಚ ಉಪ್ಪು ಹಾಕಿದ್ದು ಒಂದು ಕಡೆ, ಬರೀ ನೀರು ಇನ್ನೊಂದು ಕಡೆ. ಯಾವುದು ಬೇಕೋ ಅದು ಕುಡಿಯಲಿ.

ಇಲ್ಲಿ ದೊಡ್ಡ ತಪ್ಪುಗಳು ಎರಡು. ಮೊದಲನೆಯದು, ಗೊಟ್ಟದಲ್ಲಿ ಬಲವಂತವಾಗಿ ಹುಯ್ಯುವುದು. ನುಂಗಲು ನೋವಾಗುವ ದನದ ತಲೆ ಎತ್ತಿ, ನಾಲಿಗೆ ಎಳೆದು ಗಂಜಿ, ಕಷಾಯ ಹುಯ್ದರೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಎರಡು ಮೂರು ದಿನದಲ್ಲಿ ನ್ಯುಮೋನಿಯಾ. ಗಂಟು ರೋಗದಿಂದ ಸತ್ತಿತು ಅಂತ ನಾವು ಅಂದುಕೊಳ್ಳುವ ಕೆಲವು ದನ ಸಾಯುವುದು ಹೀಗೆ. ಹುಯ್ದ ತಕ್ಷಣ ಕೆಮ್ಮಿದರೆ, ಮೂಗಲ್ಲಿ ಗಂಜಿ ಬಂದರೆ ಅಲ್ಲಿಗೇ ನಿಲ್ಲಿಸಿ, ಡಾಕ್ಟರಿಗೆ ಹೇಳಿ. ದಿನವಿಡೀ ಏನೂ ಕುಡಿಯದ ದನಕ್ಕೆ ಗ್ಲೂಕೋಸ್ ಡ್ರಿಪ್ ಬೇಕಾಗುತ್ತದೆ.

ಎರಡನೆಯದು, ಶಕ್ತಿ ಬರಲಿ ಅಂತ ಅಕ್ಕಿ, ಅನ್ನ, ಹಿಟ್ಟು ಜಾಸ್ತಿ ಕೊಡುವುದು. ಮೆಲುಕು ನಿಂತ ಹೊಟ್ಟೆಯಲ್ಲಿ ಅದು ಹುಳಿಯಾಗಿ, ಉಬ್ಬರ ಬಂದು, ದನ ಮಲಗಿಬಿಡುತ್ತದೆ. ಮೆಲುಕು ಶುರುವಾಗುವ ತನಕ ಹಿಂಡಿ, ಕಾಳು ಬೇಡ.

ಮನೆಮದ್ದು ಕೊಡುವವರಿಗೆ ರಾಷ್ಟ್ರೀಯ ಹೈನುಗಾರಿಕೆ ಅಭಿವೃದ್ಧಿ ಮಂಡಳಿ ತಿಳಿಸಿರುವ ಒಂದು ಸುಲಭದ ಮದ್ದು ಇದೆ: 10 ವೀಳ್ಯದೆಲೆ, 10 ಗ್ರಾಂ ಕಾಳುಮೆಣಸು, 10 ಗ್ರಾಂ ಉಪ್ಪು, ಬೇಕಾದಷ್ಟು ಬೆಲ್ಲ. ಅರೆದು ಉಂಡೆ ಮಾಡಿ. ಮೊದಲ ದಿನ ಮೂರು ಗಂಟೆಗೊಂದು ಸಲ, ಎರಡನೇ ದಿನದಿಂದ ದಿನಕ್ಕೆ ಮೂರು ಸಲದಂತೆ ಎರಡು ವಾರ. ಪ್ರತಿ ಸಲವೂ ಹೊಸದಾಗಿ ಅರೆಯಬೇಕು. ಸಣ್ಣ ಸಣ್ಣ ತುತ್ತಾಗಿ ಕೊಡಿ. ಇದು ಡಾಕ್ಟರ ಚಿಕಿತ್ಸೆಯ ಜೊತೆಗೆ ನಡೆಯಬೇಕಾದದ್ದು, ಇದನ್ನು ನಂಬಿ ಡಾಕ್ಟರನ್ನು ಬಿಡಬೇಡಿ.

## ಹಂತ 6: ಗಂಟು, ಗಾಯ, ಹುಳ

ಗಂಟು ಗಟ್ಟಿಯಾಗಿರುವಾಗ ಅದನ್ನು ಮುಟ್ಟಬೇಡಿ. ಹಿಸುಕುವುದು, ಬ್ಲೇಡಿನಿಂದ ಕೊಯ್ಯುವುದು, ಸೂಜಿ ಚುಚ್ಚಿ ಕೀವು ತೆಗೆಯಲು ನೋಡುವುದು, ಯಾವುದೂ ಬೇಡ. ಒಳಗೆ ಕೀವು ಇರುವುದಿಲ್ಲ, ಚರ್ಮದ ಪೂರ್ತಿ ದಪ್ಪಕ್ಕೆ ಗಂಟು ಕಟ್ಟಿರುತ್ತದೆ. ಕೆಲವು ಗಂಟು ತಾನಾಗಿ ಕರಗುತ್ತವೆ. ಉಳಿದವುಗಳ ನಡುಭಾಗ ಸತ್ತು, ಕಪ್ಪಾಗಿ, ಸುತ್ತ ಗೆರೆ ಬಿದ್ದು, ಬಿರಡೆ ಕಿತ್ತ ಹಾಗೆ ಉದುರಿ ಗುಂಡಿ ಬೀಳುತ್ತದೆ. ಅರ್ಧ ಅಂಟಿಕೊಂಡಿರುವ ಹಕ್ಕಳೆಯನ್ನು ಎಳೆಯಬೇಡಿ.

ಒಡೆದ ಗಾಯದ ಆರೈಕೆ ದಿನಕ್ಕೆ ಎರಡು ಸಲ:

1. ಕುದಿಸಿ ಆರಿಸಿದ ಉಪ್ಪುನೀರು ಅಥವಾ ತಿಳಿ ಗುಲಾಬಿ ಬಣ್ಣದ ಪೊಟ್ಯಾಸಿಯಂ ಪರ್ಮಾಂಗನೇಟ್ ನೀರಿನಿಂದ ತೊಳೆಯಿರಿ. ಕಡು ನೇರಳೆ ಮಾಡಿದರೆ ಚರ್ಮ ಸುಡುತ್ತದೆ.
2. ಬಟ್ಟೆ ಒತ್ತಿ ಒಣಗಿಸಿ, ಉಜ್ಜಬೇಡಿ.
3. ಪೊವಿಡೋನ್ ಅಯೋಡಿನ್ ಹಚ್ಚಿ.
4. ಸುತ್ತ ನೊಣ ಓಡಿಸುವ ಮುಲಾಮು ಅಥವಾ ಸ್ಪ್ರೇ.

ತೊಳೆದ ಹತ್ತಿ, ಉದುರಿದ ಹಕ್ಕಳೆಯನ್ನು ಅಲ್ಲೇ ಬಿಸಾಡಬೇಡಿ. ಒಣಗಿದ ಹಕ್ಕಳೆಯಲ್ಲಿ ವೈರಸ್ ಒಂದು ತಿಂಗಳಿಗೂ ಹೆಚ್ಚು ಬದುಕಿರುತ್ತದೆ. ಡಬ್ಬಕ್ಕೆ ಹಾಕಿ ಸುಡಿ.

ಮನೆಯಲ್ಲೇ ಎಣ್ಣೆ ಮಾಡುವುದಾದರೆ ಕುಪ್ಪಿಗಿಡ, ಬೇವು, ತುಳಸಿ, ಗೋರಂಟಿ ಸೊಪ್ಪು ಒಂದೊಂದು ಹಿಡಿ, 10 ಎಸಳು ಬೆಳ್ಳುಳ್ಳಿ, 20 ಗ್ರಾಂ ಅರಿಶಿನ ಅರೆದು, ಅರ್ಧ ಲೀಟರ್ ಕೊಬ್ಬರಿ ಎಣ್ಣೆ ಅಥವಾ ಎಳ್ಳೆಣ್ಣೆಯಲ್ಲಿ ಕುದಿಸಿ ಆರಿಸಿ. ಗಾಯ ತೊಳೆದ ಮೇಲೆ ಹಚ್ಚಿ. ಕೊಳೆ ಗಾಯದ ಮೇಲೆ ಸುಮ್ನೆ ಎಣ್ಣೆ ಮೆತ್ತಿದರೆ ಕೀವು ಒಳಗೇ ಉಳಿಯುತ್ತದೆ.

ಹುಳ ಬಿದ್ದರೆ? ಗಾಯದಿಂದ ಕೆಟ್ಟ ವಾಸನೆ, ದನ ಒಂದೇ ಜಾಗವನ್ನು ಪದೇಪದೇ ನೆಕ್ಕುವುದು, ಕಾಲು ಒದರುವುದು, ಇವು ಹುಳದ ಸೂಚನೆ. ಕರ್ಪೂರ ಬೆರೆಸಿದ ಕೊಬ್ಬರಿ ಎಣ್ಣೆ ಅಥವಾ ಅರೆದ ಸೀತಾಫಲದ ಎಲೆ ಹಾಕಿ, ಹೊರಬಂದ ಹುಳಗಳನ್ನು ಚಿಮಟದಿಂದ ತೆಗೆಯಿರಿ. ಪೆಟ್ರೋಲ್, ಸೀಮೆಎಣ್ಣೆ, ಹೊಲಕ್ಕೆ ಹೊಡೆಯುವ ಕ್ರಿಮಿನಾಶಕ ಮಾತ್ರ ಹಾಕಲೇಬೇಡಿ.

ಎತ್ತುಗಳಲ್ಲಿ ನೊಗ ಕೂರುವ ಜಾಗದ ಗಾಯವನ್ನು ವಿಶೇಷವಾಗಿ ಗಮನಿಸಿ. ಹೊರಗೆ ಮಾಗಿದ ಹಾಗೆ ಕಂಡರೂ ಒಳಗೆ ಹಸಿ ಇರುತ್ತದೆ. ಕಾಲು ಊದಿದ್ದರೆ ಬೆಚ್ಚಗಿನ ಉಪ್ಪುನೀರಿನ ಶಾಖ ಕೊಡಿ. ಮಲಗಿ ಏಳದ ದನಕ್ಕೆ ದಪ್ಪಗೆ ಹುಲ್ಲು ಹಾಸಿ, ಎದೆಯ ಮೇಲೆ ಕೂರುವ ಹಾಗೆ ಪಕ್ಕಕ್ಕೆ ಹುಲ್ಲಿನ ಮೂಟೆ ಆನಿಸಿ, ಮೂರು ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಕಣ್ಣಿನ ಪಿಸುರನ್ನು ಆರಿದ ಉಪ್ಪುನೀರಲ್ಲಿ ಒರೆಸಿ, ಕಣ್ಣು ಬೆಳ್ಳಗಾಗುತ್ತಿದ್ದರೆ ತಡ ಮಾಡದೆ ತೋರಿಸಿ.

ರಾತ್ರಿಯಾದರೂ ಡಾಕ್ಟರನ್ನು ಕರೆಯಬೇಕಾದ ಲಕ್ಷಣಗಳು: ಬಾಯಿ ತೆರೆದು ಉಸಿರಾಡುವುದು, ಮೂಗಲ್ಲಿ ಗೊರಗೊರ ಸದ್ದು, ಜ್ವರ ಇಳಿದು ಒಂದೆರಡು ದಿನ ಬಿಟ್ಟು ಮತ್ತೆ ಏರುವುದು, ಮೈ ಒಮ್ಮೆಲೇ ತಣ್ಣಗಾಗುವುದು, ಇಡೀ ದಿನ ಸಗಣಿ ಹಾಕದಿರುವುದು, ಗಬ್ಬದ ಹಸು ಸ್ರಾವ ಹಾಕುವುದು.

## ಹಂತ 7: ಕರು, ಹಾಲು, ಹೋರಿ

ಕರುವಿನದ್ದು ನಾಟಿ ಹಸು ಸಾಕುವವರಿಗೇ ಇರುವ ತೊಡಕು. ಕರುವನ್ನು ದೂರ ಇಡಿ ಅನ್ನುತ್ತಾರೆ, ಆದರೆ ಕರು ಬಿಡದೆ ನಾಟಿ ಹಸು ಸೊರೆ ಬಿಡುವುದಿಲ್ಲ. ಕೆಚ್ಚಲಲ್ಲಿ ಗಂಟು, ಗಾಯ ಇದ್ದರೆ ಕರುವನ್ನು ಖಂಡಿತ ಕುಡಿಯಲು ಬಿಡಬೇಡಿ. ಕರುವನ್ನು ಹಸುವಿನ ಕಣ್ಣಿಗೆ ಕಾಣುವ ಹಾಗೆ, ಆದರೆ ಮೈ ತಾಗದ ಹಾಗೆ ಪರದೆಯ ಆಚೆ ಕಟ್ಟಿ ನೋಡಿ. ಬಹಳ ಹಸುಗಳು ಅಷ್ಟಕ್ಕೇ ಸೊರೆ ಬಿಡುತ್ತವೆ. ಕರೆದ ಹಾಲನ್ನು ಕುದಿಸಿ, ಉಗುರು ಬೆಚ್ಚಗಾದ ಮೇಲೆ ಬಾಟಲಿಯಲ್ಲಿ ಕರುವಿಗೆ ಕೊಡಿ. ಹಾಲು ಕರೆಯದೆ ಬಿಟ್ಟರೆ ಕೆಚ್ಚಲು ಬಾವು ಬರುತ್ತದೆ, ನೋವಾದರೂ ಮೆತ್ತಗೆ ಕರೆಯಲೇಬೇಕು.

ರೋಗ ಮನುಷ್ಯರಿಗೆ ಬರುವುದಿಲ್ಲ. ಕುದಿಸಿದ ಹಾಲಿನಿಂದ ಭಯ ಇಲ್ಲ. ಆದರೆ ಆ್ಯಂಟಿಬಯೋಟಿಕ್ ನಡೆಯುತ್ತಿರುವಾಗ ಮತ್ತು ಅದು ಮುಗಿದ ಮೇಲೂ ಡಾಕ್ಟರು ಹೇಳಿದಷ್ಟು ದಿನ ಆ ಹಾಲನ್ನು ಮನೆಗೂ ಬಳಸಬೇಡಿ, ಡೇರಿಗೂ ಹಾಕಬೇಡಿ.

ಹೋರಿಗೆ ರೋಗ ಬಂದರೆ ಅದರ ವೀರ್ಯದಲ್ಲೂ ವೈರಸ್ ಇರುತ್ತದೆ, ಗಾಯ ಒಣಗಿದ ಮೇಲೂ ಸ್ವಲ್ಪ ಕಾಲ ಉಳಿಯುತ್ತದೆ. ಬೀಜದ ಹೋರಿಯನ್ನು ಡಾಕ್ಟರು ಒಪ್ಪುವ ತನಕ ಹಸುವಿಗೆ ಬಿಡಬೇಡಿ. ಊರಿಗೊಂದೇ ಹೋರಿ ಇರುವ ಕಡೆ ಇದು ಕಷ್ಟ, ಆದರೂ ಬೇರೆ ದಾರಿ ಇಲ್ಲ.

## ಹಂತ 8: ಕೊಟ್ಟಿಗೆ ತೊಳೆಯುವುದು

ಮೊದಲು ಸಗಣಿ, ಕಸ ಪೂರ್ತಿ ತೆಗೆದು ನೀರಲ್ಲಿ ತೊಳೆಯಿರಿ. ಆಮೇಲೆ 2ರಿಂದ 3 ಶೇಕಡಾ ಸೋಡಿಯಂ ಹೈಪೋಕ್ಲೋರೈಟ್ (ಬ್ಲೀಚಿಂಗ್) ದ್ರಾವಣ ಹಾಕಿ, ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ನೀರು ಹಾಕಿ. ಸಗಣಿ ಮೇಲೆಯೇ ಬ್ಲೀಚಿಂಗ್ ಸುರಿದರೆ ಅದರ ಶಕ್ತಿಯೆಲ್ಲಾ ಸಗಣಿಗೇ ಹೋಗುತ್ತದೆ. ಬಕೆಟ್, ಗೂಟ, ಹಗ್ಗ ಎಲ್ಲವನ್ನೂ ಬಿಸಿಲಿಗೆ ಹಾಕಿ, ಹಳೇ ಮೂಗುದಾರ ಸುಟ್ಟುಬಿಡಿ.

## ಹಂತ 9: ಗುಣವಾದರೆ, ಗುಣವಾಗದಿದ್ದರೆ

ಎಲ್ಲಾ ಹಕ್ಕಳೆ ಉದುರಿ, ಗಾಯ ಒಣಗುವ ತನಕ ದನವನ್ನು ಗುಂಪಿಗೆ ಸೇರಿಸಬೇಡಿ. ಕೆಲವಕ್ಕೆ ವಾರಗಳು, ಕೆಲವಕ್ಕೆ ತಿಂಗಳುಗಳೇ ಬೇಕು. ಬಿತ್ತನೆ ಬಂತು ಅಂತ ಅರ್ಧ ಗುಣವಾದ ಎತ್ತನ್ನು ನೊಗಕ್ಕೆ ಕಟ್ಟಿದರೆ ಆ ವರ್ಷವಿಡೀ ಅದು ಚೇತರಿಸಿಕೊಳ್ಳುವುದಿಲ್ಲ. ಈ ಹೊತ್ತಲ್ಲಿ ಬಾಡಿಗೆಗೆ ಟ್ರ್ಯಾಕ್ಟರ್ ತರಿಸುವುದೇ ಲಾಭ. ಮೆಲುಕು ಸರಿಯಾದ ಮೇಲೆ ಹಿಂಡಿ, ಖನಿಜ ಮಿಶ್ರಣ ನಿಧಾನವಾಗಿ ಶುರುಮಾಡಿ.

ದನ ಸತ್ತರೆ ಹೂಳುವ ಮುಂಚೆ ಪಶು ವೈದ್ಯರಿಗೆ ತಿಳಿಸಿ. ಕಿವಿ ಓಲೆ ಕಾಣುವ ಹಾಗೆ ಫೋಟೋ ತೆಗೆಯಿರಿ, ಮರಣೋತ್ತರ ಪರೀಕ್ಷೆ ಮಾಡಿಸಿ, ಕಾಗದ ಪಡೆದುಕೊಳ್ಳಿ. 2022ರಲ್ಲಿ ರಾಜ್ಯ ಸರ್ಕಾರ ಈ ರೋಗದಿಂದ ಸತ್ತ ಹಸುವಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂಪಾಯಿ ಪರಿಹಾರ ಹೇಳಿತ್ತು. ದಾಖಲೆ ಇಲ್ಲದೆ ಅವಸರದಲ್ಲಿ ಹೂತವರಿಗೆ ಇಂಥ ಪರಿಹಾರ ಕೇಳಲು ಕೈಯಲ್ಲಿ ಏನೂ ಇರುವುದಿಲ್ಲ. ಗುಂಡಿ ಆರು ಅಡಿಗಿಂತ ಕಡಿಮೆ ಬೇಡ, ಬಾವಿ, ಹಳ್ಳ, ಕೆರೆಯಿಂದ ದೂರ ಇರಲಿ, ಮೇಲೆ ಸುಣ್ಣ ಹಾಕಿ. ಚರ್ಮ ಸುಲಿಯಲು ಬಿಡಬೇಡಿ, ಅದರಲ್ಲೂ ವೈರಸ್ ಉಳಿದಿರುತ್ತದೆ.

## ಹಂತ 10: ಲಸಿಕೆ, ಮಳೆಗೆ ಮುಂಚೆ

ಲಸಿಕೆ ಇರುವುದು ಆರೋಗ್ಯವಾಗಿರುವ ದನಕ್ಕೆ. ಜ್ವರ ಇರುವುದಕ್ಕೆ, ಗಂಟು ಎದ್ದಿರುವುದಕ್ಕೆ ಹಾಕಿಸಬೇಡಿ. ಲಸಿಕೆಯ ಬಲ ಪೂರ್ತಿ ಬರಲು ಮೂರು ವಾರ ಬೇಕು. ಹಾಗಾಗಿ ಮುಂಗಾರು ಹಿಡಿಯುವ ಮುಂಚೆ, ಮೇ ತಿಂಗಳ ಒಳಗೆ ಹಾಕಿಸಿ, ವರ್ಷಕ್ಕೊಮ್ಮೆ ಮರೆಯದೆ. ನಮ್ಮಲ್ಲಿ ಮೇಕೆ ಸಿಡುಬಿನ ಲಸಿಕೆಯನ್ನೇ ದನಕ್ಕೂ ಹಾಕುತ್ತಾ ಬಂದಿದ್ದಾರೆ. ಎರಡರ ವೈರಸ್ ಒಂದೇ ಬಳಗದ್ದಾದ್ದರಿಂದ ಅದು ಕೆಲಸ ಮಾಡುತ್ತದೆ. ಈ ರೋಗಕ್ಕೆಂದೇ ಮಾಡಿದ ಬಯೋಲಂಪಿವ್ಯಾಕ್ಸಿನ್ ಅನ್ನುವ ಲಸಿಕೆಗೆ 2025ರಲ್ಲಿ ಪರವಾನಗಿ ಸಿಕ್ಕಿದೆ, ಅದನ್ನು ತಯಾರಿಸುವ ಬಯೋವೆಟ್ ಕಂಪನಿ ನಮ್ಮ ಮಾಲೂರಿನಲ್ಲೇ ಇದೆ. ನಿಮ್ಮ ಆಸ್ಪತ್ರೆಯಲ್ಲಿ ಯಾವುದು ಇದೆ ಅಂತ ಕೇಳಿ ಹಾಕಿಸಿ.

"ಲಸಿಕೆ ಹಾಕಿಸಿದ ಮೇಲೇ ರೋಗ ಬಂತು" ಅನ್ನುವ ದೂರು ಪ್ರತಿ ವರ್ಷ ಬರುತ್ತದೆ. ಹೆಚ್ಚಿನ ಸಲ ಆಗಿರುವುದು ಇಷ್ಟೇ: ಊರಿಗೆ ರೋಗ ಬಂದ ಮೇಲೆ ಹಾಕಿಸಿದ್ದಾರೆ, ಅಷ್ಟರಲ್ಲಿ ವೈರಸ್ ಮೈ ಸೇರಿಬಿಟ್ಟಿತ್ತು. ಚುಚ್ಚಿದ ಜಾಗದಲ್ಲಿ ಊತ, ಒಂದೆರಡು ದಿನ ಸಣ್ಣ ಜ್ವರ, ಹಾಲು ಸ್ವಲ್ಪ ಕಡಿಮೆಯಾಗುವುದು ಮಾಮೂಲಿ, ತಾನಾಗಿ ಸರಿಹೋಗುತ್ತದೆ. ಹಾಕಿಸುವ ದಿನ ಎರಡು ವಿಷಯ ನೋಡಿ: ಲಸಿಕೆ ಐಸ್ ಡಬ್ಬದಲ್ಲಿ ಬಂತಾ, ಪ್ರತಿ ದನಕ್ಕೂ ಸೂಜಿ ಬದಲಿಸಿದರಾ.

ಜಾತ್ರೆಯಿಂದ, ಸಂತೆಯಿಂದ ಹೊಸ ರಾಸು ತಂದರೆ 28 ದಿನ ಬೇರೆ ಕಟ್ಟಿ, ಮೊದಲ ಎರಡು ವಾರ ಬೆಳಗ್ಗೆ ಸಂಜೆ ಜ್ವರ ನೋಡಿ. ಕೊಂಡ ದಿನವೇ ಕಿವಿ ಓಲೆ ನಂಬರ್ ಹೇಳಿ, ಲಸಿಕೆ ಆಗಿದೆಯಾ, ಯಾವಾಗ ಆಗಿದೆ ಅಂತ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಈ ಸಲ ರೋಗ ಬಂದು ಗುಣವಾದ ದನಕ್ಕೆ ಮುಂದಿನ ಲಸಿಕೆ ಯಾವಾಗ ಅನ್ನುವುದನ್ನೂ ಆಗಲೇ ಕೇಳಿ ಬರೆಸಿಕೊಂಡು ಬನ್ನಿ.